ಕ್ಲೌಡ್ ಎಂದರೆ ಏನು, ಅದರಲ್ಲಿ ನಮ್ಮ ಪಾಲು ಎಷ್ಟು?

ಪ್ರಶ್ನೆ: ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಸ್ವಲ್ಪ ಪೈಥಾನ್ ಬರುತ್ತದೆ, ಸಣ್ಣದೊಂದು ವೆಬ್‌ಸೈಟ್ ಮಾಡಿದ್ದೇನೆ. ಎಲ್ಲರೂ ‘ಕ್ಲೌಡ್ ಕಲಿ’ ಅನ್ನುತ್ತಾರೆ. ವಿಡಿಯೋ ಹಾಕಿಕೊಂಡು ಕೂತರೆ ನೂರಾರು ಸೇವೆಗಳ ಹೆಸರು ಬರುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ಫೋನಿನ ಫೋಟೋಗಳಿರುವುದೂ ಕ್ಲೌಡ್‌ನಲ್ಲಿ, ಕಂಪನಿಗಳ ಸರ್ವರ್ ಇರುವುದೂ ಕ್ಲೌಡ್‌ನಲ್ಲಿ ಅಂದರೆ ಎರಡೂ ಒಂದೇನಾ? ಡೇಟಾ ನಿಜವಾಗಿ ಎಲ್ಲಿರುತ್ತದೆ? ಅಲ್ಲಿಟ್ಟರೆ ಕಳೆದುಹೋಗುವುದಿಲ್ಲವೇ? ಗೊತ್ತಿಲ್ಲದೆ ದೊಡ್ಡ ಬಿಲ್ ಬರುತ್ತದೆ ಎಂದೂ ಹೆದರಿಸುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಹೆಸರನ್ನೇ ನೋಡೋಣ, ನಿಮ್ಮ ಗೊಂದಲದ ಅರ್ಧ ಅಲ್ಲೇ ಬಿಡಿಸಿಕೊಳ್ಳುತ್ತದೆ. ಮೋಡ ಎಂಬ ಮಾತು ಬಂದದ್ದು ನೆಟ್‌ವರ್ಕ್ ಎಂಜಿನಿಯರುಗಳ ನಕ್ಷೆಯಿಂದ. ತಮ್ಮ ಯಂತ್ರಗಳನ್ನೆಲ್ಲ ಚೌಕ ಚೌಕವಾಗಿ ಬರೆದು ಗೆರೆ ಎಳೆಯುತ್ತಿದ್ದ ಅವರು, ದೂರವಾಣಿ ಜಾಲವೋ ಇಂಟರ್ನೆಟ್ಟೋ ಬಂದ ಕಡೆ ಒಂದು ಮೋಡದ ಆಕಾರ ಬರೆದು ಮುಂದೆ ಹೋಗುತ್ತಿದ್ದರು. ಅದರೊಳಗೆ ಸಾವಿರಾರು ಯಂತ್ರಗಳಿವೆ, ಆದರೆ ಅವು ನಮ್ಮವಲ್ಲ, ನೋಡಿಕೊಳ್ಳುವವರು ಬೇರೆ ಇದ್ದಾರೆ, ಬಿಡಿಸಿ ಬರೆಯುವ ಅಗತ್ಯವಿಲ್ಲ ಎಂದು ಅದರರ್ಥ. ಮೋಡದ ಅಂಚು ಒಂದು ಗಡಿ. ಒಳಗೆ ಕೆಟ್ಟರೆ ಅವರು ನೋಡಿಕೊಳ್ಳಬೇಕು, ಹೊರಗೆ ಕೆಟ್ಟರೆ ನಾವು. ಹೊಸಬರಿಗೆ ನಾನು ಮೊದಲ ದಿನವೇ ಹೇಳುವುದು ಇದನ್ನು: ಯಾವ ಸೇವೆಯ ಹೆಸರು ಕಿವಿಗೆ ಬಿದ್ದರೂ ‘ಇದರ ಗೆರೆ ಎಲ್ಲಿದೆ, ಎಲ್ಲಿಯವರೆಗೆ ಅವರದು, ಎಲ್ಲಿಂದ ನನ್ನದು?’ ಎಂದು ಕೇಳಿ. ಆಗ ಆ ನೂರಾರು ಹೆಸರುಗಳು ತಾವಾಗಿಯೇ ನಾಲ್ಕೈದು ಗುಂಪುಗಳಾಗುತ್ತವೆ.

ಈ ಆಲೋಚನೆ ಇಂದು ನಿನ್ನೆಯದಲ್ಲ. ಮುಂದೊಂದು ದಿನ ಟೆಲಿಫೋನ್ ವ್ಯವಸ್ಥೆಯ ಹಾಗೆಯೇ ಕಂಪ್ಯೂಟಿಂಗ್ ಕೂಡ ಸಾರ್ವಜನಿಕ ಸೇವೆಯಾಗಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಹೇಳಿದ್ದು 1961ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶತಮಾನೋತ್ಸವದಲ್ಲಿ. ಒಂದೇ ದೊಡ್ಡ ಯಂತ್ರವನ್ನು ಹಲವು ‘ಯಂತ್ರ’ಗಳಾಗಿ ಒಡೆದು ಹಂಚುವ ವರ್ಚುವಲೈಸೇಷನ್ ವಿದ್ಯೆ ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ 1972ರ ಹೊತ್ತಿಗೇ ಮಾರಾಟಕ್ಕಿತ್ತು. ಸಾಮಾನ್ಯ ಪಿಸಿಗಳಲ್ಲಿ ಬಳಸುವ ಅಗ್ಗದ ಚಿಪ್‌ಗಳ ಮೇಲೂ ಅದನ್ನು ಸಾಧಿಸಿದ್ದು ವಿಎಂವೇರ್ ಕಂಪನಿ 1999ರಲ್ಲಿ, ಆಮೇಲೆ 2003ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಬಂದ ಝೆನ್ ಎಂಬ ತಂತ್ರಾಂಶ. ಇವುಗಳ ಬೆನ್ನಿಗೆ ಅಮೆಜಾನ್ 2006ರ ಮಾರ್ಚ್‌ನಲ್ಲಿ ಎಸ್3 ಎಂಬ ಶೇಖರಣಾ ಸೇವೆಯನ್ನೂ, ಆಗಸ್ಟ್‌ನಲ್ಲಿ ಇಸಿ2 ಎಂಬ ಯಂತ್ರ ಬಾಡಿಗೆಯನ್ನೂ ತೆರೆಯಿತು. ಅಂದು ಸಿಗುತ್ತಿದ್ದದ್ದು ಒಂದೇ ಅಳತೆಯ ಯಂತ್ರ: 1.75 ಜಿಬಿ ಮೆಮೊರಿ, 160 ಜಿಬಿ ಡಿಸ್ಕ್. ಬಾಡಿಗೆ ಗಂಟೆ ಲೆಕ್ಕದಲ್ಲಿ. ಇವತ್ತು ನಿಮ್ಮ ಫೋನಿನಲ್ಲೇ ಅದಕ್ಕಿಂತ ಹೆಚ್ಚು ಮೆಮೊರಿ ಇದೆ. ಆದರೂ ಅದು ಏಕೆ ದೊಡ್ಡ ಸುದ್ದಿಯಾಯಿತು ಅಂದರೆ, ಸರ್ವರ್ ಬೇಕು ಅಂದರೆ ಆರ್ಡರ್ ಹಾಕಿ, ವಾರಗಟ್ಟಲೆ ಕಾದು, ರ‍್ಯಾಕ್‌ಗೆ ಏರಿಸಿ, ಕೇಬಲ್ ಎಳೆಯಬೇಕಿದ್ದ ಕಾಲ ಅದು. ಕಾರ್ಡ್ ನಂಬರ್ ಕೊಟ್ಟು ಕೆಲವೇ ನಿಮಿಷದಲ್ಲಿ ಒಂದನ್ನು ಪಡೆದು, ಎರಡು ಗಂಟೆ ಬಳಸಿ ಬಿಟ್ಟುಕೊಡಬಹುದು ಎಂಬುದು ಅಲ್ಲಿಯವರೆಗೆ ಇರಲಿಲ್ಲ.

ಆ ಕೆಲವು ನಿಮಿಷಗಳಲ್ಲಿ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಕ್ಲೌಡ್‌ನ ಮುಕ್ಕಾಲು ಪಾಲು ಅರ್ಥವಾದಂತೆ. ನೀವು ಬ್ರೌಸರಿನಲ್ಲಿ ‘2 ಸಿಪಿಯು, 4 ಜಿಬಿ ಮೆಮೊರಿ, ಉಬುಂಟು’ (ಉಬುಂಟು ಅಂದರೆ ಲಿನಕ್ಸ್ ಬಗೆಯ ಒಂದು ಆಪರೇಟಿಂಗ್ ಸಿಸ್ಟಮ್) ಎಂದು ಆರಿಸಿ ಗುಂಡಿ ಒತ್ತುತ್ತೀರಿ. ಈ ಕೋರಿಕೆ ಮೊದಲು ತಲುಪುವುದು ಯಂತ್ರಗಳನ್ನಲ್ಲ, ಅವನ್ನು ಆಳುವ ಒಂದು ತಂತ್ರಾಂಶವನ್ನು. ಈ ಖಾತೆ ಯಾರದು, ಇವರಿಗೆ ಯಂತ್ರ ಎಬ್ಬಿಸುವ ಅನುಮತಿ ಇದೆಯೇ, ಮಿತಿ ದಾಟಿಲ್ಲ ತಾನೆ ಎಂದು ಅದು ನೋಡುತ್ತದೆ. ಆಮೇಲೆ ಡೇಟಾ ಸೆಂಟರಿನ ಸಾಲು ಸಾಲು ಸರ್ವರ್‌ಗಳಲ್ಲಿ ಅಷ್ಟು ಜಾಗ ಖಾಲಿ ಇರುವ ಒಂದನ್ನು ಹುಡುಕುತ್ತದೆ. ಆ ಸರ್ವರ್‌ನಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮೀರಿ ಸಿಪಿಯು ಕೋರ್‌ಗಳಿರುತ್ತವೆ. ಅಲ್ಲಿ ಕೂತಿರುವ ಹೈಪರ್‌ವೈಸರ್ ಎಂಬ ತಂತ್ರಾಂಶ ನಿಮ್ಮ ಪಾಲಿನ ಸಿಪಿಯು ಮತ್ತು ಮೆಮೊರಿಯನ್ನು ಪಕ್ಕದವರು ಮುಟ್ಟದಂತೆ ಬೇಲಿ ಹಾಕಿ ಕೊಡುತ್ತದೆ. ಡಿಸ್ಕ್ ಬಹುಪಾಲು ಆ ಸರ್ವರಿನೊಳಗೆ ಇರುವುದೇ ಇಲ್ಲ. ಅದು ಹತ್ತಿರದ ಇನ್ನೊಂದು ಶೇಖರಣಾ ಸರ್ವರ್‌ಗಳ ಗುಂಪಿನಲ್ಲಿದ್ದು, ನೆಟ್‌ವರ್ಕ್ ಮೂಲಕ ಅಂಟಿಕೊಳ್ಳುತ್ತದೆ. ಅದರ ಮೇಲೆ ಉಬುಂಟುವಿನ ಸಿದ್ಧ ಪ್ರತಿ ಇಳಿಯುತ್ತದೆ, ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಒಂದು ಐಪಿ ವಿಳಾಸ ಸಿಗುತ್ತದೆ, ಯಂತ್ರ ಬೂಟ್ ಆಗುತ್ತದೆ. ನೀವು ಲಾಗಿನ್ ಆಗಿ ‘ಎಷ್ಟು ಸಿಪಿಯು ಇವೆ?’ ಎಂದು ಕೇಳಿದರೆ ಅದು ಎರಡು ಎನ್ನುತ್ತದೆ. ಪಕ್ಕದಲ್ಲಿ ಇನ್ನೂ ಹತ್ತಾರು ಜನರ ಯಂತ್ರಗಳು ಓಡುತ್ತಿವೆ ಎಂಬುದು ಅದಕ್ಕೂ ತಿಳಿಯದು.

ಇಲ್ಲಿ ಒಂದು ವಿಷಯವನ್ನು ನೆನಪಿಟ್ಟುಕೊಳ್ಳಿ, ಬಿಲ್ಲಿನ ಮಾತು ಬಂದಾಗ ಬೇಕಾಗುತ್ತದೆ: ಯಂತ್ರ ಬೇರೆ, ಡಿಸ್ಕ್ ಬೇರೆ, ವಿಳಾಸ ಬೇರೆ. ಪರದೆಯ ಮೇಲೆ ಒಂದೇ ಸರ್ವರ್ ಎಂದು ಕಂಡರೂ ಅಲ್ಲಿರುವುದು ಮೂರು ಬಾಡಿಗೆ ವಸ್ತುಗಳು.

ಈಗ ನಿಮ್ಮ ಮೊದಲ ಪ್ರಶ್ನೆ. ಫೋಟೋಗಳ ಕ್ಲೌಡ್ ಮತ್ತು ಸರ್ವರ್‌ಗಳ ಕ್ಲೌಡ್ ಒಂದೇನಾ? ಕಟ್ಟಡಗಳು, ಯಂತ್ರಗಳು ಒಂದೇ ಬಗೆಯವು, ಗೆರೆ ಇರುವ ಜಾಗ ಬೇರೆ. ಬರೀ ಯಂತ್ರ ಬಾಡಿಗೆಗೆ ತೆಗೆದುಕೊಂಡಾಗ ಕಟ್ಟಡ, ವಿದ್ಯುತ್, ತಂಪು, ಸರ್ವರ್, ಹೈಪರ್‌ವೈಸರ್ ಅವರ ಪಾಲು. ಅದರ ಮೇಲಿನ ಆಪರೇಟಿಂಗ್ ಸಿಸ್ಟಮ್‌ನಿಂದ ಹಿಡಿದು ಎಲ್ಲವೂ ನಿಮ್ಮ ಪಾಲು. ಉಬುಂಟುವಿಗೆ ಸುರಕ್ಷತಾ ಅಪ್‌ಡೇಟ್ ಬಂದರೆ ಹಾಕಬೇಕಾದವರು ನೀವೇ. ಇದಕ್ಕೆ ಇನ್‌ಫ್ರಾಸ್ಟ್ರಕ್ಚರ್ ಆ್ಯಸ್ ಎ ಸರ್ವೀಸ್ ಎನ್ನುತ್ತಾರೆ. ಗೆರೆಯನ್ನು ಒಂದು ಮೆಟ್ಟಿಲು ಮೇಲೆ ತಂದು ‘ನಿನ್ನ ಕೋಡ್ ಮಾತ್ರ ಕೊಡು, ಓಡಿಸುವುದು ನನಗೆ ಬಿಡು’ ಎಂದರೆ ಪ್ಲಾಟ್‌ಫಾರ್ಮ್ ಆ್ಯಸ್ ಎ ಸರ್ವೀಸ್. 2008ರಲ್ಲಿ ಬಂದ ಗೂಗಲ್ ಆ್ಯಪ್ ಎಂಜಿನ್ ಈ ಬಗೆಯದು. ಇನ್ನೂ ಮೇಲೆ ತಂದು ಇಡೀ ಆ್ಯಪ್ಪನ್ನೇ ಕೊಟ್ಟರೆ ಸಾಫ್ಟ್‌ವೇರ್ ಆ್ಯಸ್ ಎ ಸರ್ವೀಸ್. ನಿಮ್ಮ ಇಮೇಲ್, ನಿಮ್ಮ ಫೋಟೋ ಆ್ಯಪ್ ಎಲ್ಲ ಇಲ್ಲಿಗೆ ಸೇರುತ್ತವೆ. ಇಲ್ಲಿ ನಿಮಗೆ ಉಳಿಯುವುದು ನಿಮ್ಮ ಡೇಟಾ ಮತ್ತು ನಿಮ್ಮ ಪಾಸ್‌ವರ್ಡ್. ಗಮನಿಸಿ, ಗೆರೆಯನ್ನು ಎಷ್ಟೇ ಮೇಲೆ ತಂದರೂ ಇವೆರಡು ಎಂದೂ ಅವರ ಪಾಲಿಗೆ ಹೋಗುವುದಿಲ್ಲ.

ಈ ಮೂರು ಹೆಸರುಗಳನ್ನು 2011ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ ವ್ಯಾಖ್ಯೆಯಲ್ಲಿ ಸೇರಿಸಿತು, ಪಠ್ಯಗಳಲ್ಲೆಲ್ಲ ಅದೇ ಬರುತ್ತದೆ. ಪರೀಕ್ಷೆಗೆ ಬೇಕಾದರೆ ಬಾಯಿಪಾಠ ಮಾಡಿ, ಅದರಾಚೆ ಅದಕ್ಕೆ ಹೆಚ್ಚು ಸಮಯ ಕೊಡಬೇಡಿ. ಇವತ್ತಿನ ಎಷ್ಟೋ ಸೇವೆಗಳು ಈ ಮೂರರ ನಡುವೆ ಎಲ್ಲೋ ನಿಲ್ಲುತ್ತವೆ. 2014ರಲ್ಲಿ ಬಂದ ಅಮೆಜಾನ್ ಲ್ಯಾಂಬ್ಡಾದಂಥವುಗಳಲ್ಲಿ ನೀವು ಕೊಡುವುದು ಒಂದೇ ಒಂದು ಫಂಕ್ಷನ್. ಯಾರಾದರೂ ಕರೆದಾಗ ಅದು ಓಡುತ್ತದೆ, ಓಡಿದಷ್ಟು ಹೊತ್ತಿಗೆ ಮಾತ್ರ ದುಡ್ಡು. ಸರ್ವರ್‌ಲೆಸ್ ಎಂದು ಕರೆದರೂ ಸರ್ವರ್ ಇದ್ದೇ ಇರುತ್ತದೆ, ಅದನ್ನು ನೋಡಿಕೊಳ್ಳುವ ಕೆಲಸ ಮಾತ್ರ ನಿಮಗಿರುವುದಿಲ್ಲ.

ಡೇಟಾ ಎಲ್ಲಿರುತ್ತದೆ? ಭೂಮಿಯ ಮೇಲಿನ ನಿರ್ದಿಷ್ಟ ಕಟ್ಟಡಗಳಲ್ಲಿ. ದೊಡ್ಡ ಕ್ಲೌಡ್ ಕಂಪನಿಗಳು ಜಗತ್ತನ್ನು ರೀಜನ್‌ಗಳಾಗಿ ವಿಂಗಡಿಸಿಕೊಂಡಿವೆ, ಹಲವು ರೀಜನ್‌ಗಳ ಒಳಗೆ ಬೇರೆ ಬೇರೆ ವಿದ್ಯುತ್ ವ್ಯವಸ್ಥೆಯಿರುವ ಝೋನ್‌ಗಳಿವೆ. ಯಾವ ರೀಜನ್ ಎಂದು ಆರಿಸುವುದು ನೀವು. ಎರಡು ಕಾರಣಕ್ಕೆ ಈ ಆಯ್ಕೆ ಮುಖ್ಯ. ಒಂದು ಕಾನೂನು: ಕೆಲವು ಬಗೆಯ ಮಾಹಿತಿ ದೇಶದ ಗಡಿ ದಾಟಬಾರದು ಎಂಬ ನಿಯಮ ಹಲವೆಡೆ ಇದೆ. ಇನ್ನೊಂದು ದೂರ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 10,000 ಕಿ.ಮೀ. ದೂರದಲ್ಲಿದ್ದರೆ ಹೋಗಿಬರಲು ಕನಿಷ್ಠ 100 ಮಿಲಿಸೆಕೆಂಡ್. ನಿಮ್ಮ ವೆಬ್‌ಸೈಟಿನ ಒಂದು ಪುಟ ಒಂದಾದ ಮೇಲೊಂದರಂತೆ ಹತ್ತು ಸಲ ಸರ್ವರ್ ಕೇಳಿದರೆ ಅಲ್ಲಿಗೆ ಒಂದು ಸೆಕೆಂಡ್ ಹೋಯಿತು. ಎಷ್ಟೇ ದುಬಾರಿ ಯಂತ್ರ ತಂದರೂ ಇದನ್ನು ಕಡಿಮೆ ಮಾಡಲಾಗದು, ಹತ್ತಿರದ ರೀಜನ್ ಆರಿಸಿದರೆ ಮಾತ್ರ ಆಗುತ್ತದೆ.

ಕಳೆದುಹೋಗುವುದಿಲ್ಲವೇ ಎಂಬ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಜನ ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ಎಸ್3 ಸೇವೆಯನ್ನು ಶೇ 99.999999999 ಬಾಳಿಕೆಗೆ ವಿನ್ಯಾಸ ಮಾಡಿದ್ದೇವೆ ಎಂದು ಅಮೆಜಾನ್ ಹೇಳುತ್ತದೆ. ಅಂದರೆ ಒಂದು ಕೋಟಿ ಕಡತ ಇಟ್ಟರೆ ಸರಾಸರಿ 10,000 ವರ್ಷಕ್ಕೊಮ್ಮೆ ಒಂದು ಕಡತ ಹೋಗಬಹುದು ಎಂಬ ಲೆಕ್ಕ. ಅದು ಸಾಧ್ಯವಾಗುವುದು ಒಂದೇ ಕಡತವನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಬೇರೆ ಬೇರೆ ಝೋನ್‌ಗಳಲ್ಲಿ ಹರಡಿ, ಒಂದು ಕೆಟ್ಟ ಕೂಡಲೇ ಉಳಿದವುಗಳಿಂದ ಅದನ್ನು ಮತ್ತೆ ಕಟ್ಟಿಕೊಳ್ಳುವುದರಿಂದ. ಆ ಮಾತನ್ನು ನಾನು ನಂಬುತ್ತೇನೆ. ಆದರೆ ಆ ಅಂಕಿ ಲೆಕ್ಕ ಹಾಕಿರುವುದು ಡಿಸ್ಕ್ ಕೆಡುವುದನ್ನು ಮಾತ್ರ. ನೀವೇ ತಪ್ಪಿ ಅಳಿಸಿದರೆ, ನಿಮ್ಮ ಪಾಸ್‌ವರ್ಡ್ ಕದ್ದವರು ಅಳಿಸಿದರೆ, ನಿಮ್ಮ ಕೋಡಿನ ದೋಷದಿಂದ ಎಲ್ಲ ಕಡತಗಳ ಮೇಲೂ ಸೊನ್ನೆ ಬರೆದರೆ, ಅಷ್ಟೇ ನಿಷ್ಠೆಯಿಂದ ಎಲ್ಲ ಪ್ರತಿಗಳಲ್ಲೂ ಅದೇ ಆಗುತ್ತದೆ.

ಫೋನಿನ ಫೋಟೋಗಳಿಗೂ ಇದೇ ಮಾತು. ಫೋನು ಮತ್ತು ಕ್ಲೌಡ್ ಎರಡನ್ನೂ ಒಂದೇ ತರ ಇಡುವುದು ಸಿಂಕ್. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ ಅಳಿಸಿದ ಮೇಲೂ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಇಲ್ಲ. ಜಾಗ ಖಾಲಿ ಮಾಡಲು ಫೋನಿನಲ್ಲಿ ಅಳಿಸಿದೆ, ಕ್ಲೌಡ್‌ನಲ್ಲಿ ಇರುತ್ತೆ ಅಂದುಕೊಂಡಿದ್ದೆ ಎಂದು ಮಕ್ಕಳ ಎಳವೆಯ ಚಿತ್ರಗಳನ್ನು ಕಳೆದುಕೊಂಡು ಬಂದವರಿಗೆ ನಾನು ಉತ್ತರ ಹೇಳಲಾಗದೆ ಕೂತದ್ದುಂಟು. ಒಂದು ಕಡೆಯ ಅಳಿಸುವಿಕೆ ಮುಟ್ಟಲಾಗದ ಇನ್ನೊಂದು ಪ್ರತಿ ಎಲ್ಲಾದರೂ ಇದ್ದರೆ ಮಾತ್ರ ಅದು ಬ್ಯಾಕಪ್.

ಕಟ್ಟಡವೇ ಹೋದರೆ? ಅದೂ ಆಗಿದೆ. 2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸಂಪೂರ್ಣ ಸುಟ್ಟುಹೋಯಿತು, ಪಕ್ಕದ ಇನ್ನೊಂದಕ್ಕೂ ಬೆಂಕಿ ತಗಲಿತು. ಬ್ಯಾಕಪ್ಪನ್ನು ಬೇರೆ ಊರಿನಲ್ಲಿ ಇಟ್ಟಿದ್ದವರು ಮತ್ತೆ ಎದ್ದುನಿಂತರು. ಅದೇ ಆವರಣದಲ್ಲಿ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಇನ್ನು ಡೇಟಾ ಉಳಿದರೂ ಸೇವೆ ನಿಂತುಹೋಗಬಹುದು. 2017ರ ಫೆಬ್ರುವರಿ 28ರಂದು ಅಮೆಜಾನಿನ ಎಂಜಿನಿಯರ್ ಒಬ್ಬರು ಕೊಟ್ಟ ಕಮಾಂಡಿನಲ್ಲಿ ಒಂದು ಮೌಲ್ಯ ತಪ್ಪಾಗಿ, ತೆಗೆಯಬೇಕಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಒಮ್ಮೆಲೇ ಹೊರಬಿದ್ದವು. ಉತ್ತರ ವರ್ಜೀನಿಯಾ ರೀಜನ್‌ನ ಎಸ್3 ಸುಮಾರು ನಾಲ್ಕು ಗಂಟೆ ಸರಿಯಾಗಿ ಕೆಲಸ ಮಾಡಲಿಲ್ಲ, ಅದನ್ನು ನಂಬಿಕೊಂಡಿದ್ದ ಅಸಂಖ್ಯ ವೆಬ್‌ಸೈಟುಗಳು ಜೊತೆಗೇ ಮಲಗಿದವು. ಒಪ್ಪಂದದ ಪುಟಗಳಲ್ಲಿ ‘ಶೇ 99.9 ಲಭ್ಯತೆ’ ಎಂದು ಕಂಡರೆ ಅದನ್ನು ಗಂಟೆಗೆ ಇಳಿಸಿ ಓದಿ: ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ಅವರು ಮಾತು ತಪ್ಪಿದಂತಲ್ಲ. ಶೇ 99.99 ಅಂದರೆ ವರ್ಷಕ್ಕೆ 53 ನಿಮಿಷದಷ್ಟು. ಮಾತು ತಪ್ಪಿದರೂ ಸಾಮಾನ್ಯವಾಗಿ ಸಿಗುವುದು ಮುಂದಿನ ಬಿಲ್ಲಿನಲ್ಲಿ ಒಂದಷ್ಟು ಕಡಿತ. ನಿಮ್ಮ ವ್ಯಾಪಾರಕ್ಕಾದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ಇನ್ನು ಬಿಲ್. ಕ್ಲೌಡನ್ನು ವಿದ್ಯುತ್ ಮೀಟರಿಗೆ ಹೋಲಿಸುವುದು ವಾಡಿಕೆ, ಬಳಸಿದಷ್ಟಕ್ಕೆ ದುಡ್ಡು ಎಂದು. ಅರ್ಧ ದೂರ ಈ ಹೋಲಿಕೆ ಸರಿ. ದೀಪ ಆರಿಸಿದರೆ ವಿದ್ಯುತ್ ಮೀಟರ್ ನಿಲ್ಲುತ್ತದೆ. ಇಲ್ಲಿ ಯಂತ್ರ ನಿಲ್ಲಿಸಿದರೆ ಯಂತ್ರದ ಮೀಟರ್ ಮಾತ್ರ ನಿಲ್ಲುತ್ತದೆ, ಡಿಸ್ಕ್‌ನದು ಓಡುತ್ತಲೇ ಇರುತ್ತದೆ, ಏಕೆಂದರೆ ನಿಮ್ಮ ಡೇಟಾ ಇನ್ನೂ ಅವರ ಕಪಾಟಿನಲ್ಲಿದೆ. ಹಿಂದೊಮ್ಮೆ ನಾನಿದ್ದ ತಂಡದಲ್ಲಿ ಒಂದು ಪರೀಕ್ಷೆಗೆಂದು ನಲವತ್ತು ಯಂತ್ರ ಎಬ್ಬಿಸಿ, ಸಂಜೆಯೇ ಎಲ್ಲವನ್ನೂ ಅಳಿಸಿ, ಸಮಾಧಾನದಿಂದ ಮನೆಗೆ ಹೋದೆವು. ಯಂತ್ರ ಅಳಿಸಿದರೂ ಡಿಸ್ಕ್ ಉಳಿಯಲಿ ಎಂಬ ಆಯ್ಕೆಗೆ ಟಿಕ್ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ಯಾವುದಕ್ಕೂ ಅಂಟಿಕೊಳ್ಳದ ನಲವತ್ತು ಡಿಸ್ಕ್‌ಗಳು ಮೂರು ತಿಂಗಳು ಹಾಗೇ ಬಿದ್ದಿದ್ದವು. ಬಿಲ್ಲಿನಲ್ಲಿ ಪ್ರತಿ ತಿಂಗಳೂ ಅದರ ಸಾಲು ಇತ್ತು, ಓದಿದವರಿರಲಿಲ್ಲ. ಅಂದಿನಿಂದ ಯಾವ ಖಾತೆ ನನ್ನ ಕೈಗೆ ಬಂದರೂ ಮೊದಲು ತೆರೆಯುವುದು ಬಿಲ್ಲಿಂಗ್ ಪುಟವನ್ನು.

ಹೊಸಬರನ್ನು ಹಿಡಿಯುವ ಇನ್ನೊಂದು ಸಾಲು ಡೇಟಾ ಹೊರಗೆ ಹೋಗುವುದರ ಶುಲ್ಕ. ಕ್ಲೌಡ್‌ಗೆ ಡೇಟಾ ತುಂಬುವುದು ಸಾಮಾನ್ಯವಾಗಿ ಉಚಿತ, ಅಲ್ಲಿಂದ ಇಂಟರ್ನೆಟ್ಟಿಗೆ ಹೊರತರುವುದಕ್ಕೆ ಜಿಬಿ ಲೆಕ್ಕದಲ್ಲಿ ದುಡ್ಡು. ವಿಡಿಯೋ ಇರುವ ವೆಬ್‌ಸೈಟ್ ಮಾಡುವವರು ಯಂತ್ರದ ಬಾಡಿಗೆಗಿಂತ ಮೊದಲು ಇದನ್ನು ಲೆಕ್ಕ ಹಾಕಬೇಕು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಕಷ್ಟವಾಗುವುದೂ ಬಹುಪಾಲು ಇದರಿಂದಲೇ.

ಹಾಗಾದರೆ ಕ್ಲೌಡ್ ಅಗ್ಗವೇ? ಎರಡು ನಿಜವಾದ ಕತೆ ಹೇಳುತ್ತೇನೆ. 2008ರಲ್ಲಿ ಡೇಟಾಬೇಸ್ ಕೆಟ್ಟು ದಿನಗಟ್ಟಲೆ ಪರದಾಡಿದ ನೆಟ್‌ಫ್ಲಿಕ್ಸ್, ಅಂದಿನಿಂದ ಅಮೆಜಾನ್ ಕ್ಲೌಡ್‌ಗೆ ಸಾಗಲು ಶುರುಮಾಡಿ 2016ರ ಜನವರಿಯಲ್ಲಿ ಆ ಕೆಲಸ ಮುಗಿಸಿತು. ಅದೇ 2016ರ ಮಾರ್ಚ್‌ನಲ್ಲಿ ಕಡತಗಳನ್ನು ಇಡುವ ಸೇವೆಯಾದ ಡ್ರಾಪ್‌ಬಾಕ್ಸ್, ಅದುವರೆಗೆ ಅಮೆಜಾನ್ ಕ್ಲೌಡ್ ಬಳಸುತ್ತಿದ್ದದ್ದನ್ನು ಬಿಟ್ಟು, ಬಳಕೆದಾರರ ಡೇಟಾದ ಶೇ 90ಕ್ಕಿಂತ ಹೆಚ್ಚು ಭಾಗವನ್ನು ತನ್ನದೇ ಯಂತ್ರಗಳಲ್ಲಿ ಇಡುತ್ತಿರುವುದಾಗಿ ತಿಳಿಸಿತು. ಒಬ್ಬರು ಒಳಗೆ ಬಂದರು, ಇನ್ನೊಬ್ಬರು ಹೊರಗೆ ಹೋದರು, ಇಬ್ಬರ ಲೆಕ್ಕವೂ ಸರಿಯೇ. ಸಂಜೆ ಏರಿ ನಡುರಾತ್ರಿ ಇಳಿಯುವ, ಇಂದು ಇಷ್ಟು ನಾಳೆ ಅದರ ಎರಡರಷ್ಟು ಬೇಕಾಗುವ ಕೆಲಸಕ್ಕೆ ಬಾಡಿಗೆ ಲಾಭ. ದಿನವಿಡೀ, ವರ್ಷವಿಡೀ ಒಂದೇ ಸಮನೆ ಇರುವ ಭಾರಕ್ಕೆ, ನೋಡಿಕೊಳ್ಳುವ ಜನ ಇದ್ದರೆ, ಸ್ವಂತದ್ದೇ ಲಾಭ. ನೆಟ್‌ಫ್ಲಿಕ್ಸ್ ಕೂಡ ಸಿನಿಮಾ ಕಡತಗಳನ್ನು ನಮ್ಮ ಪರದೆಗೆ ಕಳಿಸುವುದು ಇಂಟರ್ನೆಟ್ ಸೇವಾದಾರರ ಬಳಿ ಇಟ್ಟಿರುವ ತನ್ನದೇ ಪೆಟ್ಟಿಗೆಗಳಿಂದ. ನಿಮ್ಮಂತೆ ಕಲಿಯುವವರಿಗೆ, ಸಣ್ಣದಾಗಿ ಶುರುಮಾಡುವವರಿಗೆ ಈ ಚರ್ಚೆ ಸದ್ಯಕ್ಕೆ ಬೇಡ. ಬೇಕಾದಾಗ ಎಬ್ಬಿಸಿ, ಕಲಿತು, ಅಳಿಸುವುದಕ್ಕೆ ಬಾಡಿಗೆಗಿಂತ ಒಳ್ಳೆಯ ದಾರಿ ಇಲ್ಲ.

ಎಲ್ಲಿಂದ ಶುರು ಎಂದು ಕೇಳಿದ್ದೀರಿ. ಕ್ಲೌಡ್‌ನಿಂದ ಬೇಡ. ಮೊದಲು ಲಿನಕ್ಸ್ ಕಮಾಂಡ್ ಲೈನ್, ಆಮೇಲೆ ಐಪಿ ವಿಳಾಸ, ಪೋರ್ಟ್, ಡಿಎನ್‌ಎಸ್ ಅಂದರೇನು ಎಂಬಷ್ಟು ನೆಟ್‌ವರ್ಕಿಂಗ್. ಇವೆರಡು ಕೈಗೆ ಹತ್ತಿದರೆ ಯಾವ ಕಂಪನಿಯ ಕ್ಲೌಡ್ ಆದರೂ ಒಂದೇ, ಗುಂಡಿಗಳ ಹೆಸರು ಮಾತ್ರ ಬದಲಾಗುತ್ತವೆ. ಅಮೆಜಾನೋ ಮೈಕ್ರೋಸಾಫ್ಟಿನ ಅಜೂರೋ ಗೂಗಲ್ಲೋ ಎಂದು ವಾರಗಟ್ಟಲೆ ತೂಗುವವರನ್ನು ನೋಡಿದ್ದೇನೆ. ಯಾವುದಾದರೂ ಒಂದನ್ನು ಹಿಡಿಯಿರಿ.

ಖಾತೆ ತೆರೆದ ದಿನ ಯಂತ್ರ ಎಬ್ಬಿಸುವ ಮೊದಲು ಮಾಡಬೇಕಾದ ಕೆಲಸಗಳಿವೆ. ಮುಖ್ಯ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ, ದಿನನಿತ್ಯಕ್ಕೆ ಕಡಿಮೆ ಅಧಿಕಾರದ ಬೇರೊಂದು ಬಳಕೆದಾರನನ್ನು ಮಾಡಿಕೊಳ್ಳಿ. ಬಜೆಟ್ ಅಲರ್ಟ್ ಇಟ್ಟುಕೊಳ್ಳಿ. ಅಲರ್ಟ್ ಅಂದರೆ ಇಮೇಲ್ ಬರುತ್ತದೆ ಅಷ್ಟೇ; ಖರ್ಚು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸುವವರು ನೀವು. ನಿಮ್ಮ ಪೈಥಾನ್ ಕೋಡ್ ಒಳಗೆ ಖಾತೆಯ ರಹಸ್ಯ ಕೀಲಿಯನ್ನು ಬರೆದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಎಂದೂ ಏರಿಸಬೇಡಿ. ಅಂಥ ಕೀಲಿಗಳನ್ನೇ ಹುಡುಕುತ್ತ ಹಗಲು ರಾತ್ರಿ ಓಡುವ ಪ್ರೋಗ್ರಾಮುಗಳಿವೆ, ನಿಮಿಷಗಳಲ್ಲಿ ಹೆಕ್ಕಿಕೊಂಡು ನಿಮ್ಮ ಹೆಸರಿನಲ್ಲಿ ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಗೆ ಯಂತ್ರ ಎಬ್ಬಿಸುತ್ತವೆ. ದೊಡ್ಡ ಬಿಲ್ಲಿನ ಭಯಾನಕ ಕತೆಗಳಲ್ಲಿ ಹಲವು ಹೀಗೇ ಹುಟ್ಟಿದವು.

ಆಮೇಲೆ ನೀವು ಈಗಾಗಲೇ ಮಾಡಿರುವ ಆ ಸಣ್ಣ ವೆಬ್‌ಸೈಟನ್ನೇ ಕೈಗೆತ್ತಿಕೊಳ್ಳಿ. ಅತಿ ಚಿಕ್ಕ ಯಂತ್ರವೊಂದರ ಮೇಲೆ, ಎಲ್ಲವನ್ನೂ ಕೈಯಾರೆ ಹಾಕಿ, ಓಡಿಸಿ. ಪುಟ ತೆರೆಯುವುದಿಲ್ಲ, ಫೈರ್‌ವಾಲ್ ನಿಯಮ ಬಿಟ್ಟುಹೋಗಿರುತ್ತದೆ, ಹುಡುಕಿ ಸರಿಪಡಿಸಿ. ಆ ಅರ್ಧ ದಿನ ಹತ್ತು ವಿಡಿಯೋಗೆ ಸಮ. ಅದು ಓಡಿದ ಮೇಲೆ ಚಿತ್ರಗಳನ್ನು ಯಂತ್ರದಿಂದ ತೆಗೆದು ಎಸ್3ಯಂಥ ಶೇಖರಣೆಗೆ ಸಾಗಿಸಿ. ಅಮೆಜಾನ್‌ನಲ್ಲಿ 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳು (ಎಸ್3ಯಲ್ಲಿ ಕಡತ ಇಡುವ ಡಬ್ಬಿಗಳು) ಸಾರ್ವಜನಿಕರಿಗೆ ಮುಚ್ಚಿಕೊಂಡೇ ಹುಟ್ಟುತ್ತವೆ, ಚಿತ್ರ ಕಾಣುತ್ತಿಲ್ಲ ಎಂದು ಇಡೀ ಬಕೆಟ್ ತೆರೆದಿಡಬೇಡಿ, ಬೇಕಾದಷ್ಟಕ್ಕೆ ಮಾತ್ರ ಅನುಮತಿ ಕೊಡುವುದನ್ನು ಅಲ್ಲೇ ಕಲಿಯಿರಿ. ಬಳಿಕ ಡೇಟಾಬೇಸನ್ನು ಅವರು ನಿರ್ವಹಿಸುವ ಸೇವೆಗೆ ಒಪ್ಪಿಸಿ. ಪ್ರತಿ ಹೆಜ್ಜೆಯಲ್ಲೂ ಗೆರೆ ಒಂದಿಷ್ಟು ಮೇಲೆ ಬಂದಿರುತ್ತದೆ. ನಿಮ್ಮ ಕೈಯಿಂದ ಯಾವ ಕೆಲಸ ಹೋಯಿತು, ಯಾವುದು ಉಳಿಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎಲ್ಲ ಮುಗಿದ ಮೇಲೆ ಎಲ್ಲವನ್ನೂ ಅಳಿಸಿ. ಯಂತ್ರ, ಡಿಸ್ಕ್, ಅದರ ಸ್ನ್ಯಾಪ್‌ಶಾಟ್ (ಒಂದು ಹೊತ್ತಿನಲ್ಲಿ ತೆಗೆದಿಟ್ಟ ಪ್ರತಿ), ಕಾದಿರಿಸಿದ ಐಪಿ ವಿಳಾಸ, ಡೇಟಾಬೇಸ್, ಬಕೆಟ್, ಒಂದೊಂದನ್ನೂ ಹೆಸರು ಹಿಡಿದು ಹುಡುಕಿ ಅಳಿಸಿ. ಬೇರೆ ರೀಜನ್‌ನಲ್ಲಿ ಏನಾದರೂ ಎಬ್ಬಿಸಿದ್ದರೆ ಅಲ್ಲೂ ಹೋಗಿ ನೋಡಿ, ಪುಟದ ಮೇಲ್ಗಡೆ ರೀಜನ್ ಬದಲಾಯಿಸದೆ ಅವು ಕಾಣುವುದಿಲ್ಲ. ಎರಡು ದಿನ ಬಿಟ್ಟು ಬಿಲ್ಲಿಂಗ್ ಪುಟ ತೆರೆಯಿರಿ. ಅಲ್ಲಿ ಹೊಸ ಸಾಲು ಯಾವುದೂ ಸೇರಿರದಿದ್ದರೆ ಎರಡನೇ ಪಾಠಕ್ಕೆ ಬನ್ನಿ.